‘ಕ್ಲಾಸ್ ಆಕ್ಷನ್’ ಮೊಕದ್ದಮೆ: ಸಾಮೂಹಿಕವೋ, ಪ್ರಾತಿನಿಧಿಕವೋ?

ಎಲ್ಲರಿಗೂ ನಮಸ್ಕಾರ.

ಗ್ರಾಹಕರ ಹಕ್ಕುಗಳ ಬಗ್ಗೆ ಬರುವ ಒಂದು ಪುಟ್ಟ ಪತ್ರಿಕೆಗೆ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ಅಮೆರಿಕದ ಕೇಬಲ್ ಕಂಪನಿ ಕಾಮ್‌ಕಾಸ್ಟ್ ಮೇಲೆ ಅದರ ಚಂದಾದಾರರು ಹೂಡಿದ ಮೊಕದ್ದಮೆಗಳ ವಿಷಯ. ಸಂಪಾದಕರು ನನ್ನ ಶ್ರಮ ಉಳಿಯಲೆಂದು ಯಂತ್ರಾನುವಾದದ ಕರಡನ್ನೂ ಜೊತೆಗೆ ಕಳುಹಿಸಿದ್ದರು. ಮೊದಲ ಸಾಲಿನಲ್ಲೇ ‘ಚಂದಾದಾರರು ವರ್ಗ ಕ್ರಮವನ್ನು ಸಲ್ಲಿಸಿದರು’ ಎಂದಿತ್ತು. ಮುಂದಿನ ಪುಟದಲ್ಲಿ ‘ವಸಾಹತನ್ನು ನ್ಯಾಯಾಧೀಶರು ಅನುಮೋದಿಸಬೇಕು’ ಎಂದಿತ್ತು. ಈಸ್ಟ್ ಇಂಡಿಯಾ ಕಂಪನಿಯೂ ಕಂಪನಿಯೇ ತಾನೆ, ಯಂತ್ರಕ್ಕೆ ಗೊಂದಲವಾಗಿರಬೇಕು. ಮೂಲದಲ್ಲಿದ್ದ ‘ಸೆಟಲ್‌ಮೆಂಟ್’ಗೆ ‘ರಾಜಿ’ ಎಂದು ಬರೆದು ಮುಂದೆ ಹೋದೆ. ‘ಕ್ಲಾಸ್ ಆಕ್ಷನ್’ಗೆ, ಅಂದರೆ ಒಬ್ಬರೋ ಇಬ್ಬರೋ ತಮ್ಮಂತೆಯೇ ತೊಂದರೆಗೊಳಗಾದ ಎಲ್ಲರ ಪರವಾಗಿ ಹೂಡುವ ಮೊಕದ್ದಮೆಗೆ, ಯಂತ್ರ ಕೊಟ್ಟ ಈ ‘ವರ್ಗ ಕ್ರಮ’ದ ಬಳಿ ಮಾತ್ರ ಮೂರು ದಿನದಿಂದ ನಿಂತಿದ್ದೇನೆ.

ನಮ್ಮಲ್ಲಿ ‘ವರ್ಗ’ಕ್ಕೆ ಕೈತುಂಬ ಕೆಲಸವಿದೆ. ಗುಮಾಸ್ತರಿಗೆ ವರ್ಗವಾಗುತ್ತದೆ, ಗಣಿತದಲ್ಲಿ ವರ್ಗಮೂಲ, ವ್ಯಾಕರಣದಲ್ಲಿ ವರ್ಗೀಯ ವ್ಯಂಜನ, ರಾಜಕೀಯದಲ್ಲಿ ವರ್ಗ ಸಂಘರ್ಷ. ಅದರ ಪಕ್ಕದಲ್ಲಿ ‘ಕ್ರಮ’ವನ್ನು ಇಟ್ಟರೆ ಓದುಗನಿಗೆ ಯಾವುದೋ ಜೋಡಣೆಯ ಕ್ರಮವೆಂದು ಅನಿಸುತ್ತದೆಯೇ ಹೊರತು ಕೋರ್ಟು ನೆನಪಿಗೆ ಬರುವುದಿಲ್ಲ. ಹಾಗೆಂದು ‘ಕ್ಲಾಸ್ ಆಕ್ಷನ್’ ಎಂದೇ ಉಳಿಸಿದರೆ ಇನ್ನೊಂದು ತೊಡಕು. ಅಧಿಕಾರಿಗಳಿಗೆ ಸಚಿವರು ‘ಕ್ಲಾಸ್ ತೆಗೆದುಕೊಂಡರು’ ಎಂದು ದಿನವೂ ಓದುವವರು, ಚಂದಾದಾರರು ಕಂಪನಿಯನ್ನು ಚೆನ್ನಾಗಿ ಬೈದರು ಎಂದುಕೊಂಡಾರು. ಒಂದರ್ಥದಲ್ಲಿ ಅದೂ ನಿಜವೇ.

ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು ‘ಸಾಮೂಹಿಕ ಮೊಕದ್ದಮೆ’. ಓದಲು ಹಿತವಾಗಿದೆ. ನನ್ನ ತಕರಾರು ಇರುವುದು ಇದರ ಮೇಲೆಯೇ.

ಸಾಮೂಹಿಕ ವಿವಾಹವನ್ನು ನೆನೆಸಿಕೊಳ್ಳಿ. ನೂರು ಜೋಡಿಗೆ ಒಂದೇ ಚಪ್ಪರವಿರಬಹುದು, ಆದರೆ ಪ್ರತಿ ಜೋಡಿಯೂ ಖುದ್ದಾಗಿ ಹಸೆಮಣೆ ಏರಲೇಬೇಕು. ಒಬ್ಬ ವರ ತಾಳಿ ಕಟ್ಟಿದರೆ ಉಳಿದ ತೊಂಬತ್ತೊಂಬತ್ತು ಮದುವೆಗಳೂ ಆದಂತಲ್ಲ. ಅಮೆರಿಕದ ಈ ಮೊಕದ್ದಮೆಯಲ್ಲಾದರೋ ಬಹುಮಟ್ಟಿಗೆ ಒಬ್ಬ ತಾಳಿ ಕಟ್ಟಿದರೆ ಎಲ್ಲರ ಮದುವೆಯೂ ಆದಂತೆಯೇ. ಒಬ್ಬರೋ ಇಬ್ಬರೋ ದಾವೆ ಹೂಡುತ್ತಾರೆ. ಅವರ ಸಂಕಟವೇ ಉಳಿದ ಲಕ್ಷಾಂತರ ಜನರದೂ ಹೌದೇ, ಅವರು ಉಳಿದವರ ಪರವಾಗಿ ನಿಲ್ಲಲು ತಕ್ಕವರೇ ಎಂದು ಅಲ್ಲಿನ ಸಿವಿಲ್ ಪ್ರಕ್ರಿಯೆಯ 23ನೇ ನಿಯಮದ ಪ್ರಕಾರ ನ್ಯಾಯಾಧೀಶರು ತೂಗಿ ನೋಡುತ್ತಾರೆ. ಹೌದೆಂದಾದರೆ ಉಳಿದವರಿಗೆ ನೋಟಿಸು ಹೋಗುತ್ತದೆ. ಹಣ ಪರಿಹಾರದ ಮೊಕದ್ದಮೆಗಳಲ್ಲಿ, ‘ನನ್ನನ್ನು ಬಿಡಿ’ ಎಂದು ಬರೆದುಕೊಟ್ಟವರು ಹೊರಗೆ. ನೋಟಿಸನ್ನು ಓದದೆ ಕಸದ ಬುಟ್ಟಿಗೆ ಎಸೆದವರೆಲ್ಲ ಒಳಗೆ. ತೀರ್ಪು ಅವರಿಗೂ ಕಟ್ಟು. ಹಾಗಾಗಿ ಕರಡಿನಲ್ಲಿರುವ ‘ವರ್ಗ ಸದಸ್ಯರು’ ಕೂಡ ಸರಿಯಲ್ಲ. ಸದಸ್ಯನಾಗಬೇಕಾದರೆ ಎಲ್ಲೋ ಒಂದು ಕಡೆ ರುಜು ಹಾಕಿರಬೇಕು. ಇವರು ಏನನ್ನೂ ಮಾಡದೆ ಸದಸ್ಯರಾದವರು. ‘ದಾವೆಯ ವ್ಯಾಪ್ತಿಗೆ ಬರುವವರು’ ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೆ ಸುಳ್ಳಲ್ಲ.

ಕೋರ್ಟಿನ ಆ ಒಪ್ಪಿಗೆ ಸುಲಭಕ್ಕೆ ಸಿಗುವುದಿಲ್ಲ. ಫಿಲಡೆಲ್ಫಿಯಾ ಸುತ್ತಮುತ್ತಲಿನ 20 ಲಕ್ಷಕ್ಕೂ ಹೆಚ್ಚು ಚಂದಾದಾರರ ಪರವಾಗಿ ಇದೇ ಕಾಮ್‌ಕಾಸ್ಟ್ ವಿರುದ್ಧ ನಡೆದ ಮೊಕದ್ದಮೆಯಲ್ಲಿ, 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಆ ಒಪ್ಪಿಗೆಯನ್ನೇ ತಳ್ಳಿಹಾಕಿತು. ಎಲ್ಲರ ನಷ್ಟವನ್ನೂ ಒಂದೇ ಅಳತೆಗೋಲಿನಿಂದ ಅಳೆಯಲು ವಾದಿಗಳು ತಂದಿದ್ದ ಲೆಕ್ಕಾಚಾರ ಅವರದೇ ಆರೋಪಕ್ಕೆ ಹೊಂದುತ್ತಿರಲಿಲ್ಲ ಎಂಬುದು ಕಾರಣ.

ನಮ್ಮ ಕಾನೂನಿನಲ್ಲಿ ಇದಕ್ಕೆ ಹತ್ತಿರದ್ದು ಇಲ್ಲವೇ ಎಂದರೆ, ಹಳೆಯದೇ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೇ ಆದೇಶ, 8ನೇ ನಿಯಮ. ವಕೀಲರು ‘ರೆಪ್ರೆಸೆಂಟೇಟಿವ್ ಸೂಟ್’ ಎನ್ನುತ್ತಾರೆ, ಕನ್ನಡದಲ್ಲಿ ಬರೆಯುವಾಗ ‘ಪ್ರಾತಿನಿಧಿಕ ದಾವೆ’. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35(1)(ಸಿ) ಕೂಡ ಇದೇ ಮನೆತನದ್ದು: ಒಂದೇ ಹಿತಾಸಕ್ತಿಯ ಅನೇಕ ಗ್ರಾಹಕರಿದ್ದರೆ, ಆಯೋಗದ ಅನುಮತಿ ಪಡೆದು ಒಬ್ಬರು ಅಥವಾ ಕೆಲವರು ಎಲ್ಲರ ಪರವಾಗಿ ದೂರು ಕೊಡಬಹುದು.

ನಾನು ಹೇಳುತ್ತಿರುವ ವ್ಯತ್ಯಾಸ ಬರಿಯ ನಿಘಂಟಿನ ಜಗಳವಲ್ಲ ಎಂಬುದಕ್ಕೆ ಬೆಂಗಳೂರಿನದೇ ಪ್ರಕರಣವಿದೆ. ಬ್ರಿಗೇಡ್ ಎಂಟರ್‌ಪ್ರೈಸಸ್ ಕಟ್ಟಿಸಿದ 1,134 ಫ್ಲ್ಯಾಟುಗಳ ಸಮುಚ್ಚಯದಲ್ಲಿ 51 ಫ್ಲ್ಯಾಟುಗಳನ್ನು ಕೊಂಡ 91 ಮಂದಿ, ಸ್ವಾಧೀನ ತಡವಾಯಿತೆಂದು ಒಟ್ಟಾಗಿ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋದರು. ಅದು ಎಲ್ಲರ ಪರವಾದ ದೂರೆಂದು ಆಯೋಗ ಅನುಮತಿ ಕೊಟ್ಟಿತು. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಉಳಿದ ಫ್ಲ್ಯಾಟಿನವರದೂ ಇದೇ ಹಿತಾಸಕ್ತಿ ಎಂದು ದೂರಿನಲ್ಲಿ ತೋರಿಸಿಲ್ಲ. ಆದ್ದರಿಂದ ಇದು ಸೇರಿ ಕೊಟ್ಟ ಜಂಟಿ ದೂರು, ಹಾಗೆಯೇ ವಿಚಾರಣೆ ನಡೆಯಲಿ ಎಂದಿತು. 91 ಜನ ಒಟ್ಟಿಗೆ ಬಂದರು, ಸಾಮೂಹಿಕವೇನೋ ಆಯಿತು. ಪ್ರಾತಿನಿಧಿಕವಾಗಲಿಲ್ಲ. ಈಗ ಹೇಳಿ, ಎರಡಕ್ಕೂ ‘ಸಾಮೂಹಿಕ’ ಎಂದುಬಿಟ್ಟರೆ ಈ ತೀರ್ಪನ್ನು ಕನ್ನಡದಲ್ಲಿ ವರದಿ ಮಾಡುವುದು ಹೇಗೆ?

ನಮ್ಮ ತಂದೆಯ ಊರಿನಲ್ಲಿ ಗೋಮಾಳದ ಕೇಸೊಂದು ವರ್ಷಗಟ್ಟಲೆ ನಡೆಯಿತು. ಕಾಗದದಲ್ಲಿ ಇದ್ದದ್ದು ಇಬ್ಬರ ಹೆಸರು. ವಾಯಿದೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಿದ್ದವರೂ ಅವರಿಬ್ಬರೇ. ಬಸ್ ಚಾರ್ಜಿಗೆ, ವಕೀಲರ ಫೀಜಿಗೆ ಮನೆಮನೆಯಿಂದ ಚಂದಾ ಎತ್ತುತ್ತಿದ್ದರು. (ಆ ಚಂದಾಕ್ಕೂ ಕೇಬಲ್ಲಿಗೆ ಕಟ್ಟುವ ಚಂದಾಕ್ಕೂ ಪದ ಒಂದೇ ಎಂಬುದು ಈಗ ಹೊಳೆಯಿತು.) ಊರಿನವರು ಅದನ್ನು ‘ಊರೊಟ್ಟಿನ ಕೇಸು’ ಎನ್ನುತ್ತಿದ್ದರು. ಕೋರ್ಟಿನ ಮೆಟ್ಟಿಲು ಹತ್ತದ ಅಜ್ಜಿಯರಿಗೂ ಅದು ತಮ್ಮ ಕೇಸು. ಆ ಇಬ್ಬರಲ್ಲಿ ಒಬ್ಬರು ರಾಜಿಯ ಮಾತೆತ್ತಿದಾಗ ಅರಳಿಕಟ್ಟೆಯಲ್ಲಿ ಎದ್ದ ಗದ್ದಲ ನನಗೆ ಇನ್ನೂ ನೆನಪಿದೆ. ಮೇಲೆ ಹೇಳಿದ 8ನೇ ನಿಯಮ ಕೂಡ, ಎಲ್ಲರಿಗೂ ನೋಟಿಸು ಕೊಡದೆ ಇಂಥ ದಾವೆಯಲ್ಲಿ ರಾಜಿಯನ್ನು ದಾಖಲಿಸಬಾರದು ಎನ್ನುತ್ತದೆ. ‘ಊರೊಟ್ಟು’ ಎಂಬುದರಲ್ಲಿ ಬೇಕಾದ ಅರ್ಥವೆಲ್ಲ ಇದೆ, ಊರು ಮಾತ್ರ ಹೆಚ್ಚು. ಕೇಬಲ್ ಚಂದಾದಾರರಿಗೆ ಅರಳಿಕಟ್ಟೆ ಎಲ್ಲಿಂದ ತರುವುದು?

ಇನ್ನು ಅದೇ ಲೇಖನದಲ್ಲಿ ಬರುವ ಶುಲ್ಕದ ವಿಷಯ. ಕಾಮ್‌ಕಾಸ್ಟ್ 2014ರಲ್ಲಿ ಬಿಲ್ಲಿನಲ್ಲಿ ‘ಬ್ರಾಡ್‌ಕಾಸ್ಟ್ ಟಿವಿ ಫೀ’ ಎಂದು ಒಂದೂವರೆ ಡಾಲರಿನ ಸಾಲೊಂದನ್ನು ಸೇರಿಸಿತು. ಮರುವರ್ಷ ಕ್ರೀಡಾ ವಾಹಿನಿಗಳ ಹೆಸರಿನಲ್ಲಿ ಇನ್ನೊಂದು ಸಾಲು ಬಂತು. ಜಾಹೀರಾತಿನಲ್ಲಿ ಹೇಳುವುದು ಒಂದು ದರ, ಬಿಲ್ಲಿನಲ್ಲಿ ಬರುವುದು ಇನ್ನೊಂದು. ಕೇಳಿದರೆ ಇದು ಸರ್ಕಾರದ ತೆರಿಗೆ ಎಂಬಂತೆ ಸಿಬ್ಬಂದಿ ಉತ್ತರಿಸುತ್ತಾರೆ ಎಂದು ಆರೋಪಿಸಿ 2016ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ಮೊಕದ್ದಮೆ ಬಿತ್ತು. ಆ ‘ಫೀ’ಯನ್ನು ‘ಶುಲ್ಕ’ ಎಂದು ಅನುವಾದಿಸುವಾಗ ನನ್ನ ಕೈ ಹಿಂಜರಿಯುತ್ತದೆ. ನಮಗೆ ಶುಲ್ಕವೆಂದರೆ ಅರ್ಜಿ ಶುಲ್ಕ, ನೋಂದಣಿ ಶುಲ್ಕ. ಅದಕ್ಕೆ ಕಚೇರಿಯ ಮೊಹರಿನ ವಾಸನೆಯಿದೆ. ‘ಸುಂಕ’ವೂ ಅದರ ತದ್ಭವವೇ. ಕಂಪನಿಯ ಮೇಲಿದ್ದ ಆರೋಪವೇ ತನ್ನ ವಸೂಲಿಗೆ ಸರ್ಕಾರಿ ವೇಷ ತೊಡಿಸಿತು ಎಂಬುದು. ಅನುವಾದಕನಾಗಿ ನಾನೂ ಆ ವೇಷಕ್ಕೆ ಗುಂಡಿ ಹಾಕಿಕೊಟ್ಟಂತೆ ಆಗಬಾರದಲ್ಲ. ಸೊಪ್ಪು ಮಾರುವವರು ಅಳತೆಯ ಮೇಲೆ ಒಂದು ಹಿಡಿ ಕೊಡುವುದು ಕೊಸರು. ಇದು ಅಂಗಡಿಯವನೇ ಗಿರಾಕಿಯಿಂದ ಕಿತ್ತುಕೊಳ್ಳುವ ಕೊಸರು. ಅದಕ್ಕೊಂದು ಪದ ನಿಮ್ಮ ಕಡೆ ಇದೆಯೇ? ಸದ್ಯಕ್ಕೆ ‘ಮೇಲುವಸೂಲಿ’ ಎಂದು ಇಟ್ಟಿದ್ದೇನೆ.

ಕೊನೆಯದು, ಮಾಹಿತಿ ಭದ್ರತೆಯ ಮೊಕದ್ದಮೆಗಳು. ಇಲ್ಲಿ ‘ಡೇಟಾ ಬ್ರೀಚ್’ಗೆ ಯಂತ್ರದ ಪದ ‘ದತ್ತಾಂಶ ಉಲ್ಲಂಘನೆ’. ಉಲ್ಲಂಘನೆ ಆಗುವುದು ನಿಯಮಕ್ಕೆ, ದತ್ತಾಂಶಕ್ಕಲ್ಲ. ಅದನ್ನು ಬಿಟ್ಟರೆ ಉಳಿಯುವುದು ‘ಸೋರಿಕೆ’ ಮತ್ತು ‘ಕನ್ನ’. ಸೋರಿಕೆ ಎಂದರೆ ದೋಷ ಮಡಕೆಯದು. ಕನ್ನ ಎಂದರೆ ತಪ್ಪು ಗೋಡೆ ಕೊರೆದ ಕಳ್ಳನದು. ನಡೆದದ್ದು ಇಷ್ಟು: ಕಾಮ್‌ಕಾಸ್ಟ್ ಬಳಸುತ್ತಿದ್ದ ಸಿಟ್ರಿಕ್ಸ್ ತಂತ್ರಾಂಶದಲ್ಲಿ ಬಿರುಕಿತ್ತು. ಅದಕ್ಕೆ ತೇಪೆಯನ್ನು ಸಿಟ್ರಿಕ್ಸ್ 2023ರ ಅಕ್ಟೋಬರ್ 10ರಂದು ಹೊರತಂದಿತು. ಕಳ್ಳರು ಒಳಹೊಕ್ಕದ್ದು 16ರಿಂದ 19ರ ನಡುವೆ. ಗ್ರಾಹಕರಿಗೆ ತಿಳಿಸಿದ್ದು ಡಿಸೆಂಬರ್ 18ಕ್ಕೆ. ಸುಮಾರು 3.58 ಕೋಟಿ ಖಾತೆಗಳು. ಬಳಕೆದಾರರ ಹೆಸರು, ಹ್ಯಾಶ್ ಮಾಡಿದ (ನೇರವಾಗಿ ಓದಲಾಗದಂತೆ ಮಾರ್ಪಡಿಸಿದ) ಪಾಸ್‌ವರ್ಡ್, ಕೆಲವರ ಜನ್ಮದಿನಾಂಕ ಮತ್ತು ಅಮೆರಿಕದಲ್ಲಿ ಗುರುತಿನ ಸಂಖ್ಯೆಯಂತೆ ಬಳಕೆಯಾಗುವ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ. ಬೇಗನೆ ತೇಪೆ ಹಾಕಿದೆವು ಎಂದು ಕಂಪನಿ, ಆ ಆರು ದಿನ ಏನು ಮಾಡುತ್ತಿದ್ದಿರಿ ಎಂದು ಮೊಕದ್ದಮೆ ಹೂಡಿದವರು. ಕಂಪನಿಯ ವಾದವನ್ನು ಬರೆಯುವಾಗ ಕನ್ನ, ಗ್ರಾಹಕರ ವಾದವನ್ನು ಬರೆಯುವಾಗ ಸೋರಿಕೆ ಎನ್ನಬಹುದು. ತಲೆಬರಹಕ್ಕೆ ಏನು ಮಾಡಲಿ? ‘ಮಾಹಿತಿ ಕಳವು’ ಎಂದರೆ ಕಳ್ಳನ ಕಡೆಗೆ ವಾಲುತ್ತದೆ, ‘ಮಾಹಿತಿ ಬಯಲು’ ಎಂದರೆ ಏನೋ ಹಗರಣವೆಂದು ಕೇಳಿಸುತ್ತದೆ.

ಲೇಖನ ಸೋಮವಾರ ಅಚ್ಚಿಗೆ ಹೋಗಬೇಕು. ‘ಪ್ರಾತಿನಿಧಿಕ ದಾವೆ’ಗಿಂತ ಹಗುರವಾದದ್ದು ಯಾರಿಗಾದರೂ ಹೊಳೆದರೆ ಅಷ್ಟರೊಳಗೆ ತಿಳಿಸಿ. ‘ಕ್ಲಾಸ್ ಆಕ್ಷನ್’ ಎಂದೇ ಬಿಡಿ ಎನ್ನುವವರು, ಅದಕ್ಕೆ ಸಪ್ತಮಿ ವಿಭಕ್ತಿಯನ್ನು ಹೇಗೆ ಹಚ್ಚುತ್ತೀರಿ ಎಂಬುದನ್ನೂ ಬರೆಯಿರಿ: ಆಕ್ಷನ್ನಿನಲ್ಲಿಯೋ, ಆಕ್ಷನ್‌ನಲ್ಲಿಯೋ?