ಹಳೇ ಐ7 ತಗೊಳ್ಳೋದಾ, ಹೊಸ ಐ3 ತಗೊಳ್ಳೋದಾ? ಜನರೇಶನ್ ಲೆಕ್ಕ ಗೊತ್ತಿರೋರು ಹೇಳಿ

ಕೆರೆಏರಿ:
ಎಲ್ರಿಗೂ ನಮಸ್ಕಾರ. ತಂಗಿ ಈ ವರ್ಷ ಬಿಸಿಎ ಸೇರಿದಾಳೆ, ಲ್ಯಾಪ್‌ಟಾಪ್ ಬೇಕೇ ಬೇಕು, ಬಜೆಟ್ ನಲವತ್ತು ಸಾವಿರದ ಒಳಗೆ. ಅಂಗಡೀಲಿ ಮೂರು ತೋರಿಸಿದ್ರು. ಒಂದು ಸೆಕೆಂಡ್ ಹ್ಯಾಂಡ್, ಅದ್ರ ಪ್ರೊಸೆಸರ್ (ಲ್ಯಾಪ್‌ಟಾಪಿನ ಮಿದುಳು) ಇಂಟೆಲ್ ಐ7-7500ಯು, ನೋಡೋಕೆ ಹೊಸದರ ಥರಾನೇ ಇದೆ, ರೇಟೂ ಕಮ್ಮಿ. ಇನ್ನೆರಡು ಹೊಸವು, ಇಂಟೆಲ್‌ದೇ ಐ3-1215ಯು ಮತ್ತೆ ಎಎಂಡಿ ಕಂಪನಿಯ ರೈಜನ್ 5 7520ಯು. ಐ7 ಅಂದ್ರೆ ಐ7, ಐ3 ಯಾವತ್ತಿದ್ರೂ ಐ3ನೇ ಅಂತಾರೆ ಅಂಗಡಿಯವ್ರು. ಈ ನಂಬರ್‌ಗಳೆಲ್ಲ ಏನು ಹೇಳ್ತವೆ ಅಂತ ಯಾರಾದ್ರೂ ಬಿಡಿಸಿ ಹೇಳಿ ಪ್ಲೀಸ್, ಅಪ್ಪ ಕೂಡಿಟ್ಟ ದುಡ್ಡು, ಡಿಗ್ರಿ ಮುಗಿಯೋವರೆಗಾದ್ರೂ ಬಾಳಿಕೆ ಬರ್ಬೇಕು.

ಸಿಲಿಕಾನ್_ಶೆಟ್ಟಿ:
ಸರ್, ಆ ಐ7 ಬೇಡ. ಐ3, ಐ5, ಐ7 ಅನ್ನೋದು ಒಂದೇ ಜನರೇಶನ್ ಒಳಗೆ ಯಾವುದು ಮೇಲೆ ಯಾವುದು ಕೆಳಗೆ ಅಂತ ಹೇಳುತ್ತೆ ಅಷ್ಟೇ. ಅಡ್ಡಗೆರೆ ಆದ್ಮೇಲೆ ಬರೋ ನಂಬರ್ ನೋಡಿ, 7500ರಲ್ಲಿ ಮೊದಲ 7 ಅಂದ್ರೆ ಏಳನೇ ಜನರೇಶನ್, 1215ರಲ್ಲಿ ಮೊದಲ 12 ಅಂದ್ರೆ ಹನ್ನೆರಡನೇದು. 7500ಯು ಬಂದಿದ್ದು 2016ರಲ್ಲಿ, ಹೆಸರು ಐ7 ಆದ್ರೂ ಒಳಗಿರೋದು ಎರಡೇ ಕೋರ್ (ಲೆಕ್ಕ ಮಾಡೋ ಘಟಕ), ನಾಲ್ಕು ಥ್ರೆಡ್ (ಒಂದೇ ಸಲಕ್ಕೆ ನಡೆಸಬಹುದಾದ ಕೆಲ್ಸದ ಸಾಲು). ಮಾರನೇ ವರ್ಷ ಎಂಟನೇ ಜನರೇಶನ್‌ನ ಐ5-8250ಯು ನಾಲ್ಕು ಕೋರ್ ಎಂಟು ಥ್ರೆಡ್ ಇಟ್ಕೊಂಡು ಬಂತು, ಆಗ್ಲೇ ಈ ಐ7 ಹಿಂದೆ ಬಿತ್ತು. 1215ಯು 2022ರದ್ದು. ಅದ್ರಲ್ಲಿ ಎರಡು ಪಿ ಕೋರ್, ನಾಲ್ಕು ಇ ಕೋರ್, ಒಟ್ಟು ಎಂಟು ಥ್ರೆಡ್. ಕೋಡ್ ಕಂಪೈಲ್ ಮಾಡೋವಂಥ ಭಾರದ ಕೆಲ್ಸ ಪಿ ಕೋರ್ ಎತ್ಕೊಳ್ಳುತ್ತೆ, ಹಿಂದ್ಗಡೆ ಓಡೋ ಅಪ್‌ಡೇಟು ಆಂಟಿವೈರಸ್ಸು ಎಲ್ಲ ಇ ಕೋರ್ ಕಮ್ಮಿ ಪವರಲ್ಲಿ ನೋಡ್ಕೊಳ್ಳುತ್ತೆ. ಸ್ಪೀಡೂ ಅಷ್ಟೇ, 7500ಯು ಜಾಸ್ತಿ ಅಂದ್ರೆ 3.5 ಗಿಗಾಹರ್ಟ್ಸ್ ಹೋಗುತ್ತೆ, 1215ಯು 4.4ರವರೆಗೆ.

ಇನ್ನೊಂದು ದೊಡ್ಡ ತೊಂದ್ರೆ ವಿಂಡೋಸ್. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪೋ ಪ್ರೊಸೆಸರ್ ಪಟ್ಟೀಲಿ 7500ಯು ಇಲ್ಲ, ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ಓದೋ ಹುಡುಗಿ ಕೈಗೆ ಅಂಥ ಮಷಿನ್ ಕೊಡ್ಬೇಡಿ.

ಹುಬ್ಳಿ_ಮಂದಿ:
ಶೆಟ್ರು ಹೇಳಿದ್ದು ಖರೇ ಐತಿ. ರೈಜನ್ ಬಗ್ಗೆ ನಾ ಹೇಳ್ತೀನಿ, ಯಾಕಂದ್ರ ಅಲ್ಲೇ ಮಂದಿ ಬಾಳ ಮೋಸ ಹೋಗ್ತಾರ. 7520ಯು ಒಳಗ ಮೊದಲಿನ 7 ನೋಡಿ ಹೊಸಾದು ಅನ್ಕೋಬ್ಯಾಡ್ರಿ, ಅದು ಯಾವ ವರ್ಷದ ಲೈನ್ ಅಂತ ಅಷ್ಟ. ಮೂರನೇ ಅಂಕಿ ನೋಡ್ರಿ. ಅಲ್ಲಿ 2 ಇದ್ರ ಝೆನ್ 2 (ಝೆನ್ ಅಂದ್ರ ಎಎಂಡಿ ಚಿಪ್ಪಿನ ಒಳಗಿನ ಡಿಸೈನಿನ ಹೆಸರು), ಅಂದ್ರ 2019ರಾಗ ಬಂದ ಡಿಸೈನ್. 7530ಯು ಝೆನ್ 3, 7640ಯು ಝೆನ್ 4. ಮೂರೂ ರೈಜನ್ 5 ನ, ಮೂರೂ 7000 ಸೀರೀಸ್ ನ, ಒಳಗ ಮಾತ್ರ ಬ್ಯಾರೆ ಬ್ಯಾರೆ! 7520ಯುನಾಗ ರ್‍ಯಾಮ್ ಬೋರ್ಡಿಗೇ ಬೆಸುಗಿ ಹಾಕಿರ್ತಾರ, 8 ಜಿಬಿ ತಗೊಂಡ್ರ ಕಡೀತನಕ 8 ನ. ಬರೇ ವರ್ಡು ಎಕ್ಸೆಲ್ಲು ಅಂದ್ರ ನಡೀತಿತ್ತು, ಬಿಸಿಎಗೆ ಬ್ಯಾಡ ನೋಡ್ರಿ.

ಕೆರೆಏರಿ:
ತುಂಬಾ ಥ್ಯಾಂಕ್ಸ್ ಇಬ್ರಿಗೂ, ಈಗ ಅರ್ಥ ಆಯ್ತು. ಇನ್ನೊಂದು ಅಂಗಡೀಲಿ ಐ5-1235ಯು ಇದೆ, ಪಕ್ಕದಲ್ಲೇ 1335ಯು ಐದು ಸಾವಿರ ಜಾಸ್ತಿ. ಹದಿಮೂರನೇ ಜನರೇಶನ್ ಅಂತ ಕೊಟ್ಬಿಡ್ಲಾ?

ಸಿಲಿಕಾನ್_ಶೆಟ್ಟಿ:
ಕೊಡ್ಬೇಡಿ ಸರ್. ಏಳರಿಂದ ಎಂಟಕ್ಕೆ ಕೋರ್ ಡಬಲ್ ಆಯ್ತು, ಹನ್ನೊಂದರಿಂದ ಹನ್ನೆರಡಕ್ಕೆ ಪಿ ಕೋರ್ ಇ ಕೋರ್ ಬಂತು, ಅವು ನಿಜವಾದ ಬದಲಾವಣೆ. 1235ಯು, 1335ಯು ಎರಡರಲ್ಲೂ ಅದೇ ಎರಡು ಪಿ, ಎಂಟು ಇ, ಹನ್ನೆರಡು ಥ್ರೆಡ್, ಸ್ಪೀಡ್ ಮಾತ್ರ 4.4 ಇದ್ದಿದ್ದು 4.6 ಆಗಿದೆ. ಆ ಐದು ಸಾವಿರದಲ್ಲಿ ಇನ್ನೊಂದು ರ್‍ಯಾಮ್ ಸ್ಟಿಕ್ ಹಾಕ್ಸಿ 16 ಜಿಬಿ ಮಾಡ್ಸಿ, ಆಂಡ್ರಾಯ್ಡ್ ಸ್ಟುಡಿಯೋ ಎಮ್ಯುಲೇಟರ್ (ಆ್ಯಪ್ ಪರೀಕ್ಷೆ ಮಾಡೋಕೆ ಲ್ಯಾಪ್‌ಟಾಪಲ್ಲೇ ಓಡೋ ನಕಲಿ ಫೋನ್) ಓಡ್ಸೋವಾಗ ಅವ್ಳಿಗೆ ಅದೇ ಉಪಯೋಗಕ್ಕೆ ಬರೋದು. ಎರಡು ಸ್ಟಿಕ್ ಇದ್ರೆ ಒಳಗಿನ ಗ್ರಾಫಿಕ್ಸೂ ಚುರುಕಾಗುತ್ತೆ.

ಹುಬ್ಳಿ_ಮಂದಿ:
ರೊಕ್ಕ ಕೊಡೂಕಿಂತ ಮೊದ್ಲ ಅಂಗಡ್ಯಾಗ ಟಾಸ್ಕ್ ಮ್ಯಾನೇಜರ್ ತೆಗಸ್ರಿ. ಪರ್ಫಾರ್ಮೆನ್ಸ್ ಒಳಗ ಸಿಪಿಯು ಒತ್ತಿದ್ರ ಪೂರಾ ಮಾಡೆಲ್ ನಂಬರು, ಕೋರು, ಥ್ರೆಡ್ಡು ಎಲ್ಲಾ ಕಾಣ್ತಾವ. ಮೆಮೊರಿ ಒತ್ತಿದ್ರ ಸ್ಲಾಟ್ ಎಷ್ಟ ಖಾಲಿ ಅದಾವ ಅಂತ ಗೊತ್ತಾಕ್ಕೈತಿ. ಖಾಲಿ ಸ್ಲಾಟ್ ಇಲ್ದಿದ್ರ ಆ ಮಷಿನ್ ಬಿಟ್ಟು ಬ್ಯಾರೆ ನೋಡ್ರಿ.