ನೈರೋಬಿಗೆ ಆರು ತಿಂಗಳು ಒಬ್ಬಳೇ ಹೋಗುತ್ತಿದ್ದೇನೆ, ಅಲ್ಲಿ ಇದ್ದು ಬಂದವರು ಹೇಳಿ

ಡೊಂಬಿವ್ಲಿ_ಈಸ್ಟ್

ಎಲ್ಲರಿಗೂ ನಮಸ್ಕಾರ. ನನಗೆ 26 ವರ್ಷ. ಊರು ಕುಂದಾಪುರದ ಹತ್ತಿರ, ಆದರೆ ಹುಟ್ಟಿ ಬೆಳೆದದ್ದೆಲ್ಲ ಮುಂಬೈ ಹತ್ತಿರದ ಡೊಂಬಿವ್ಲಿಯಲ್ಲೇ. ಅಂಧೇರಿಯ ಔಷಧ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡುತ್ತೇನೆ. ಮುಂದಿನ ತಿಂಗಳ ಕೊನೆಗೆ ಆರು ತಿಂಗಳ ಮಟ್ಟಿಗೆ ಕೀನ್ಯಾದ ನೈರೋಬಿಗೆ ಕಳಿಸುತ್ತಿದ್ದಾರೆ. ನನಗೆ ಹೋಗುವ ಆಸೆ ತುಂಬಾ ಇದೆ. ಅಪ್ಪ ಸುಮ್ಮನಿದ್ದಾರೆ. ಅಮ್ಮ ಮಾತ್ರ ಎರಡು ವಾರದಿಂದ ಸರಿಯಾಗಿ ಊಟ ಮಾಡಿಲ್ಲ.

ಮನೆ ಕಿಲಿಮಾನಿಯಲ್ಲಿ ಅಥವಾ ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಕೊಡುತ್ತಾರಂತೆ. ಆಫೀಸು ಆರು ಗಂಟೆಗೆ ಮುಗಿಯುತ್ತದೆ. ಸಂಜೆ ಒಬ್ಬಳೇ ನಡೆದು ಬರಬಹುದಾ? ಟ್ಯಾಕ್ಸಿ ನಂಬಬಹುದಾ? ಅಮ್ಮ ಒಂದು ಕರಿಮಣಿ ಹಾಕಿಕೊಂಡು ಹೋಗು, ಮದುವೆಯಾಗಿದೆ ಅಂತ ಹೇಳು ಎನ್ನುತ್ತಿದ್ದಾರೆ. ಅದರಿಂದ ಉಪಯೋಗ ಇದೆಯಾ? ನಾನು ರಾತ್ರಿ ಹತ್ತರ ಲೋಕಲ್ ರೈಲಿನಲ್ಲಿ ಎಷ್ಟೋ ಸಲ ಒಬ್ಬಳೇ ಬಂದವಳು. ಹೆದರಿಕೆ ಇಲ್ಲ. ಆದರೆ ಗೊತ್ತಿಲ್ಲದ ಊರು, ಅಲ್ವಾ?

ಚಿಂಚ್‌ವಡ್_ಅಕ್ಕ

ತಂಗೀ, ನಾನು 2016ರಿಂದ 2019ರವರೆಗೆ ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿದ್ದೆ. ಮೊದಲ ವರ್ಷ ಒಬ್ಬಳೇ. ಆಮೇಲೆ ಯಜಮಾನರೂ ಬಂದರು. ಈಗ ಪುಣೆಯಲ್ಲಿದ್ದೇವೆ. ನಿನ್ನ ಪ್ರಶ್ನೆ ಓದಿದಾಗ ಆಗಿನ ನನ್ನನ್ನೇ ನೋಡಿದ ಹಾಗಾಯಿತು. ಉದ್ದವಾಗಿ ಬರೆಯುತ್ತೇನೆ, ಪೂರ್ತಿ ಓದು.

ಮೊದಲು ಕತ್ತಲೆಯ ಮಾತು. ನೈರೋಬಿ ಸಮಭಾಜಕ ವೃತ್ತದ ಪಕ್ಕದಲ್ಲೇ ಇದೆ. ವರ್ಷವಿಡೀ ಸಂಜೆ ಆರೂವರೆಯ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಮುಸ್ಸಂಜೆ ಹೆಚ್ಚು ಹೊತ್ತು ಎಳೆಯುವುದಿಲ್ಲ, ಬೇಗ ಕತ್ತಲು. ಆರಕ್ಕೆ ಆಫೀಸು ಬಿಟ್ಟು, ನೀರು ಕುಡಿದು, ಲಿಫ್ಟ್ ಇಳಿದು ದಾರಿ ಹಿಡಿಯುವಷ್ಟರಲ್ಲಿ ಬೆಳಕು ಹೋಗುತ್ತಾ ಇರುತ್ತದೆ. ಆದ್ದರಿಂದ ಸಂಜೆ ನಡೆಯುವುದು ಬೇಡ. ಹತ್ತು ನಿಮಿಷದ ದಾರಿಯಾದರೂ ಬೇಡ. ಹಗಲು ವೆಸ್ಟ್‌ಲ್ಯಾಂಡ್ಸ್‌ನಲ್ಲಿ ನಾನು ಧಾರಾಳವಾಗಿ ಓಡಾಡಿದ್ದೇನೆ. ನಗರದ ಮಧ್ಯಭಾಗದ ರಿವರ್ ರೋಡ್ ಕಡೆ ಮಾತ್ರ ಹಗಲಲ್ಲೂ ಗೊತ್ತಿರುವವರ ಜೊತೆಯೇ ಹೋಗು.

ಟ್ಯಾಕ್ಸಿಗೆ ಊಬರ್, ಬೋಲ್ಟ್ ಎರಡೂ ಇವೆ. ನಂಬರ್ ಪ್ಲೇಟು ನೋಡು. ನಿನ್ನ ಹೆಸರು ನೀನಾಗಿ ಹೇಳಬೇಡ, ಡ್ರೈವರೇ ಹೇಳಲಿ. ಹಿಂದಿನ ಸೀಟು, ಗಾಜು ಮೇಲೆ, ಬಾಗಿಲು ಲಾಕ್. ಗಾಜಿನ ಮಾತು ಅನುಭವದಿಂದಲೇ ಹೇಳುತ್ತಿದ್ದೇನೆ. ಹೋದ ಎರಡನೇ ವಾರ, ಟ್ರಾಫಿಕ್‌ನಲ್ಲಿ ನಿಂತಿದ್ದೆವು. ಸೆಕೆ ಅಂತ ಗಾಜು ಇಳಿಸಿ ಅಮ್ಮನಿಗೆ ಮೆಸೇಜ್ ಮಾಡುತ್ತಿದ್ದೆ. ಒಂದು ಕೈ ಒಳಗೆ ಬಂತು, ಫೋನ್ ಹೋಯಿತು. ನಮ್ಮ ಲೋಕಲ್‌ನ ಬಾಗಿಲಲ್ಲಿ ಫೋನ್ ಹಿಡಿದು ನಿಂತರೆ ಕೆಳಗಿನಿಂದ ಕೈಗೆ ಹೊಡೆದು ಫೋನ್ ಬೀಳಿಸುತ್ತಾರಲ್ಲ, ಫಟ್ಕಾ ಅಂತ, ಹಾಗೇ.

ನಾನು ಕಿರುಚಲು ಬಾಯಿ ತೆರೆದೆ. ಡ್ರೈವರ್ ಹಿಂದೆ ತಿರುಗಿ, ದಯವಿಟ್ಟು ಕೂಗಬೇಡಿ ಅಂದ. ಅಲ್ಲಿ ಕಳ್ಳನಿಗೆ 'ಮ್ವಿಜಿ' ಎನ್ನುತ್ತಾರೆ. ಬೀದಿಯಲ್ಲಿ ಆ ಮಾತು ಕೂಗಿದರೆ ಜನ ಸೇರುತ್ತಾರೆ. ಸಿಕ್ಕವನನ್ನು ಹೊಡೆದು ಸಾಯಿಸಿದ್ದೂ ಇದೆ. ಅವನು ಹದಿನಾರು ಹದಿನೇಳರ ಹುಡುಗ. ಒಂದು ಫೋನಿಗಾಗಿ ಆ ಹುಡುಗನ ಜೀವ ನನ್ನ ಕೊರಳಿಗೆ ಬೀಳುತ್ತಿತ್ತು. ಇವತ್ತಿಗೂ ಆ ಡ್ರೈವರನನ್ನು ನೆನೆಸಿಕೊಳ್ಳುತ್ತೇನೆ. ನಿನ್ನ ಮೈಮೇಲೆ ಯಾರಾದರೂ ಬಂದರೆ ಆ ಮಾತು ಬೇರೆ. ಆಗ 'ನಿಸೈದಿಯೆ' ಅಂತ ಕೂಗು. ಸಹಾಯ ಮಾಡಿ ಎಂದರ್ಥ. ವಸ್ತು ಕೇಳಿದರೆ ಕೊಟ್ಟುಬಿಡು, ಎಳೆದಾಡಬೇಡ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಗೇಟು. ಅಲ್ಲಿ ಹೆಚ್ಚು ಕಡಿಮೆ ಎಲ್ಲ ಅಪಾರ್ಟ್‌ಮೆಂಟಿಗೂ ಎತ್ತರದ ಗೋಡೆ, ಮೇಲೆ ಕರೆಂಟ್ ತಂತಿ, ದೊಡ್ಡ ಕಬ್ಬಿಣದ ಗೇಟು ಇರುತ್ತವೆ. ಒಳಗೆ ಕಾವಲುಗಾರ, ಅಲ್ಲಿ ಅವನನ್ನು ಅಸ್ಕಾರಿ ಎನ್ನುತ್ತಾರೆ. ಗೇಟಿನ ಒಳಗೆ ಭಯ ಕಡಿಮೆ. ಕಾರಿನ ಒಳಗೂ ಕಡಿಮೆ. ಕಾರು ನಿಂತು ಗೇಟು ತೆರೆಯುವವರೆಗಿನ ಒಂದೆರಡು ನಿಮಿಷ ಇದೆಯಲ್ಲ, ಕಾದು ಕೂತವರಿಗೆ ಬೇಕಾದದ್ದು ಅದೇ. ಒಂದು ರಾತ್ರಿ ಏಳೂವರೆಗೆ ಬಂದಾಗ ನಮ್ಮ ಅಸ್ಕಾರಿ ಒಳಗೆಲ್ಲೋ ಹೋಗಿದ್ದ. ಹಾರ್ನ್ ಹಾಕಿದರೂ ಗೇಟು ತೆರೆಯಲಿಲ್ಲ. ಹಿಂದೆ ಒಂದು ಬೈಕು, ಅದರ ಮೇಲೆ ಇಬ್ಬರು, ಲೈಟು ಆರಿಸಿ ನಿಂತರು. ಡ್ರೈವರ್ ಒಂದು ಮಾತೂ ಆಡದೆ ಗಾಡಿ ಮುಂದೆ ಬಿಟ್ಟ. ದೊಡ್ಡ ರಸ್ತೆಯ ಪೆಟ್ರೋಲ್ ಪಂಪಿನ ಬೆಳಕಿನಲ್ಲಿ ನಿಲ್ಲಿಸಿದ. ಅಲ್ಲಿಂದ ಕೆಳಗಿನ ಮನೆಯ ಗುಜರಾತಿ ಆಂಟಿಗೆ ಫೋನ್ ಮಾಡಿದೆ. ಅವರು ಗೇಟಿಗೆ ಬಂದು ನಿಂತ ಮೇಲೇ ಮನೆಗೆ ಹೋದದ್ದು. ಆ ಇಬ್ಬರು ಯಾರೋ ಏನೋ. ಆದರೆ ಅವತ್ತಿನಿಂದ, ಎರಡು ಗಲ್ಲಿ ಹಿಂದೆ ಇರುವಾಗಲೇ ಅಸ್ಕಾರಿಗೆ ಫೋನ್ ಮಾಡುವುದು ನನ್ನ ಅಭ್ಯಾಸವಾಯಿತು. ನೀನು ಅಲ್ಲಿಗೆ ಹೋದ ದಿನವೇ ಅಸ್ಕಾರಿಯ ಹೆಸರು ಕೇಳು, ನಂಬರ್ ತಗೋ. ಹಗಲಿನವನದ್ದೂ ರಾತ್ರಿಯವನದ್ದೂ. ದಿನಾ ಅವನಿಗೆ ನಮಸ್ಕಾರ ಹೇಳು. ಅವನು ನಿನ್ನ ಬರುವಿಕೆ ಎದುರು ನೋಡಬೇಕು.

ಪರಿಚಯ ಮಾಡಿಕೊಳ್ಳಬೇಕಾದ ಇನ್ನೊಬ್ಬರು ಮಾಮಾ ಎಂಬೋಗಾ. ಹಾಗೆಂದರೆ ತರಕಾರಿ ಮಾರುವ ಹೆಂಗಸು. ನಮ್ಮಲ್ಲಿ ಮಾಮ ಅಂದರೆ ಸೋದರಮಾವ, ಸ್ವಾಹಿಲಿಯಲ್ಲಿ ಮಾಮಾ ಅಂದರೆ ತಾಯಿ. ನಮ್ಮ ಬೀದಿಯ ಮಾಮಾ ಎಂಬೋಗಾ ಸುಕುಮಾ ವಿಕಿ ಎಂಬ ಸೊಪ್ಪನ್ನು ಹೆಚ್ಚಿ ಕೊಡುತ್ತಾ ಬೀದಿಯ ಸುದ್ದಿಯೆಲ್ಲ ಹೇಳುತ್ತಿದ್ದರು. ಈ ವಾರ ಆ ಕಡೆ ಹೋಗಬೇಡ, ನಿನ್ನೆ ಒಬ್ಬಳ ಪರ್ಸ್ ಹೋಯಿತು ಅಂತ. ಯಾವ ಪೇಪರಲ್ಲೂ ಅದು ಬರುವುದಿಲ್ಲ.

ಚೆಂಬೂರ್_ಸಿಸ್ಟರ್

ನಾನು ನರ್ಸ್. ಎರಡೇ ಮಾತು. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು, ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಿ. ಲಸಿಕೆ ಹಾಕಿಸಿಕೊಂಡದ್ದಕ್ಕೆ ಕೊಡುವ ಹಳದಿ ಪುಸ್ತಕ ಪಾಸ್‌ಪೋರ್ಟಿನ ಜೊತೆಗಿರಲಿ. ಇಲ್ಲದಿದ್ದರೆ ವಾಪಸ್ ಬರುವಾಗ ಮುಂಬೈಯಲ್ಲಿ 6 ದಿನದವರೆಗೂ ಕ್ವಾರಂಟೈನ್‌ನಲ್ಲಿ ಇಡಬಹುದು.

ಎರಡನೆಯದು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಯಾರಾದರೂ ಬಲಾತ್ಕಾರ ಮಾಡಿದರೆ ಸ್ನಾನ ಮಾಡಬೇಡಿ, ಬಟ್ಟೆ ಒಗೆಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ನೈರೋಬಿಯ ಕೆಲವು ಆಸ್ಪತ್ರೆಗಳಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ನೈರೋಬಿ ವಿಮೆನ್ಸ್ ಹಾಸ್ಪಿಟಲ್‌ನಲ್ಲಿ 2001ರಿಂದಲೂ ಇದೆ. ಹೆಂಗಸರ ಮೇಲಿನ ದೌರ್ಜನ್ಯಕ್ಕೆ ಕೀನ್ಯಾದ ಸಹಾಯವಾಣಿ 1195. ಪೊಲೀಸರಿಗೆ 999 ಅಥವಾ 112. ಫೋನ್ ಕಳೆದರೆ ಏನು ಮಾಡುತ್ತೀರಿ? ಒಂದು ಕಾಗದದಲ್ಲೂ ಬರೆದಿಡಿ.

ವಾಸ್ಕೋ_ಹುಬ್ಬಳ್ಳಿ

ತಂಗಿ, ತಪ್ಪು ತಿಳಿಬೇಡ. ಆಫ್ರಿಕಾ ಅಂದರೆ ಡೇಂಜರ್. ಒಬ್ಬಳೇ ಹೆಣ್ಣುಮಗಳು ಯಾಕೆ ಹೋಗಬೇಕು? ಬೇರೆಯವರನ್ನು ಕಳಿಸಿ ಅಂತ ಹೇಳಿಬಿಡು.

ಚಿಂಚ್‌ವಡ್_ಅಕ್ಕ

ಅಣ್ಣಾ, ನಿಮ್ಮ ಕಾಳಜಿ ನಿಜವಾದದ್ದೇ. ಆದರೆ ಆಫ್ರಿಕಾ ಅಂದರೆ 54 ದೇಶ. ಅವಳು ಹೋಗುತ್ತಿರುವುದು ಒಂದು ಊರಿನ ಒಂದು ಬೀದಿಗೆ. ಆ ಊರಲ್ಲಿ ಲಕ್ಷಾಂತರ ಹೆಂಗಸರು ದಿನಾ ಕೆಲಸಕ್ಕೆ ಹೋಗಿ ಬರುತ್ತಾರೆ. ಅಪಾಯ ಹೆಚ್ಚು ಅವರಿಗೇ. 2014ರ ನವೆಂಬರ್‌ನಲ್ಲಿ, ಅಲ್ಲಿನ ಮಟಾಟು ಎಂಬ ಮಿನಿಬಸ್ಸುಗಳ ಸ್ಟಾಪಿನಲ್ಲಿ ಗಂಡಸರು ಒಬ್ಬ ಹೆಂಗಸಿನ ಬಟ್ಟೆ ಕಿತ್ತರು. ನೈರೋಬಿಯ ಹೆಂಗಸರು ನಮ್ಮ ಬಟ್ಟೆ ನಮ್ಮ ಇಷ್ಟ ಅಂತ ಮೆರವಣಿಗೆ ಮಾಡಿದರು. 2024ರ ಜನವರಿಯಲ್ಲಿ ಹೆಂಗಸರ ಕೊಲೆಗಳ ವಿರುದ್ಧ ಸಾವಿರಾರು ಜನ ಬೀದಿಗಿಳಿದರು. ಓಟಗಾರ್ತಿ ಆಗ್ನೆಸ್ ಟಿರೋಪ್ 2021ರಲ್ಲಿ ತನ್ನ ಮನೆಯಲ್ಲೇ ಕೊಲೆಯಾದಳು, ಆರೋಪ ಬಂದದ್ದು ಗಂಡನ ಮೇಲೆ. ಅಂದರೆ ಬೀದಿಯ ಕಳ್ಳನೊಬ್ಬನನ್ನೇ ನೋಡಿದರೆ ಸಾಲದು.

ತಂಗೀ, ಇದು ನಿನಗೂ ಹೇಳುವ ಮಾತು. ಫೋನಿನಲ್ಲಿ ಪರಿಚಯವಾದವರನ್ನು ಮೊದಲ ಸಲ ಹಗಲು, ಮಾಲ್‌ನಲ್ಲಿ, ಜನರ ನಡುವೆ ನೋಡು. ಬಾಡಿಗೆ ಫ್ಲ್ಯಾಟಿಗೆ ಕರೆದರೆ ಹೋಗಬೇಡ. ಆಫೀಸಿನ ದೊಡ್ಡವರು ಕರೆದರೂ ಅದೇ ಉತ್ತರ.

ಡೊಂಬಿವ್ಲಿ_ಈಸ್ಟ್

ಅಕ್ಕಾ, ಕಣ್ಣಲ್ಲಿ ನೀರು ಬಂತು. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಗೇಟಿನ ಕಥೆ ಕೇಳಿ ಸುಮ್ಮನಾದರು. ಆಮೇಲೆ, ಆ ಗುಜರಾತಿ ಆಂಟಿ ಈಗಲೂ ಅಲ್ಲೇ ಇದ್ದಾರಾ ಕೇಳು ಅಂದರು. ಕರಿಮಣಿ ಬಗ್ಗೆ ನೀವು ಹೇಳಲೇ ಇಲ್ಲ. ಫೋನಿನಲ್ಲೇ ದುಡ್ಡು ಕಳಿಸುವ ಎಂ-ಪೆಸಾ ತಗೊಳ್ಳಲೇಬೇಕಾ?

ಚಿಂಚ್‌ವಡ್_ಅಕ್ಕ

ಕರಿಮಣಿ ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಚಿನ್ನ ಅಂತ ಮಾತ್ರ ಕಾಣುತ್ತದೆ, ಅದು ಇನ್ನೂ ಕಷ್ಟ. ಚಿನ್ನವೆಲ್ಲ ಅಮ್ಮನ ಹತ್ತಿರ ಬಿಟ್ಟು ಹೋಗು, ಕಿವಿಯದ್ದೂ. ಯಾರಾದರೂ ಕೇಳಿದರೆ ಮನೆಯಲ್ಲಿ ಕಾಯುತ್ತಿದ್ದಾರೆ ಅನ್ನು, ಅಷ್ಟು ಸಾಕು. ಒಬ್ಬಳೇ ಇದ್ದೇನೆ ಅಂತ ಡ್ರೈವರಿಗಾಗಲಿ ಪ್ಲಂಬರಿಗಾಗಲಿ ಹೇಳಬೇಡ. ಪ್ಲಂಬರ್ ಬಂದಾಗ ಬಾಗಿಲು ತೆರೆದಿಡು, ಅಸ್ಕಾರಿಯನ್ನೂ ಮೇಲೆ ಕರೆ.

ಎಂ-ಪೆಸಾ ಬೇಕೇ ಬೇಕು. 2007ರಿಂದ ಆ ದೇಶ ಅದರ ಮೇಲೇ ನಡೆಯುತ್ತಿದೆ, ತರಕಾರಿಯಿಂದ ಬಾಡಿಗೆಯವರೆಗೆ. ಪಾಸ್‌ಪೋರ್ಟ್ ತೋರಿಸಿ ಸಿಮ್ ತಗೋ. ಒಂದು ಎಚ್ಚರ. ನಾನಿದ್ದಾಗ ದುಡ್ಡು ಕಳಿಸಿದರೆ ಪಡೆದವರಿಗೆ ನಮ್ಮ ಹೆಸರೂ ನಂಬರೂ ಕಾಣುತ್ತಿತ್ತು. ಒಬ್ಬ ಡ್ರೈವರ್ ಹಾಗೇ ನಂಬರ್ ಹಿಡಿದು ಮೂರು ದಿನ ರಾತ್ರಿ ಫೋನ್ ಮಾಡಿದ. ಆಮೇಲೆ ಟ್ಯಾಕ್ಸಿಗೆ ನಗದೇ ಕೊಡುತ್ತಿದ್ದೆ.

ಚುನಾವಣೆ, ಮೆರವಣಿಗೆ ಇದ್ದ ದಿನ ಹೊರಗೆ ಹೋಗಬೇಡ. 2017ರ ಆಗಸ್ಟ್‌ನಲ್ಲಿ ಚುನಾವಣೆ ನಡೆದು, ಕೋರ್ಟು ಅದನ್ನು ರದ್ದು ಮಾಡಿ, ಅಕ್ಟೋಬರ್‌ನಲ್ಲಿ ಮತ್ತೆ ನಡೆಯಿತು. ಎರಡು ಸಲವೂ ಅಕ್ಕಿ ಬೇಳೆ ತುಂಬಿಸಿಟ್ಟು ಮನೆಯಲ್ಲೇ ಇದ್ದೆ. ಹೋದ ಕೂಡಲೇ ನಮ್ಮ ಹೈಕಮಿಷನ್‌ನಲ್ಲಿ ಹೆಸರು ಬರೆಸು. ಜುಲೈಯಲ್ಲಿ ಚಳಿ ಜೋರು, ಸ್ವೆಟರ್ ಇಟ್ಟುಕೋ. ಸೂಟ್‌ಕೇಸಿನಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಬೇಡ, 2017ರಿಂದ ಅಲ್ಲಿ ನಿಷೇಧ.

ಆಂಟಿ ಅಲ್ಲೇ ಇದ್ದಾರೆ. ನಿನ್ನೆ ರಾತ್ರಿ ಫೋನ್ ಮಾಡಿದ್ದೆ. ಹುಡುಗಿ ಬಂದ ಮೊದಲ ಭಾನುವಾರ ಊಟಕ್ಕೆ ಕಳಿಸು ಅಂದರು. ಅಮ್ಮನಿಗೆ ಹೇಳು. ಮನೆ ಯಾವುದು ಅಂತ ಗೊತ್ತಾದ ಕೂಡಲೇ ಗೇಟಿನ ಫೋಟೊ, ಮುಂದಿನ ರಸ್ತೆಯ ಫೋಟೊ ಆಫೀಸಿನವರಿಂದ ತರಿಸಿ ನನಗೆ ಕಳಿಸು. ನೋಡಿ ಹೇಳುತ್ತೇನೆ.