ಪೈ 4ರಲ್ಲಿ ಎನ್64 ತಡವರಿಸ್ತದೆ, ಪಿಎಸ್2 ಏಳೋದೇ ಇಲ್ಲ. ಯಾಕೆ?

ತೀರ್ಥಹಳ್ಳಿ ಹುಡುಗ:
ಎಲ್ಲರಿಗೂ ನಮಸ್ಕಾರ. ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್‌ಗೆ ಹಳೇ ಗೇಮ್ ಯಂತ್ರಗಳ ಆಟ ಓಡಿಸೋ ರೆಟ್ರೋಪೈ ಹಾಕಿದ್ದೇನೆ. ಎಸ್‌ಎನ್‌ಇಎಸ್ (ಸೂಪರ್ ನಿಂಟೆಂಡೋ), ಪಿಎಸ್1 (ಪ್ಲೇಸ್ಟೇಷನ್ 1) ಆಟಗಳು ಚೆನ್ನಾಗಿ ಓಡ್ತವೆ. ಎನ್64 (ನಿಂಟೆಂಡೋ 64) ಮಾತ್ರ ಹತ್ತು ನಿಮಿಷ ಸರಿ ಇದ್ದು ಆಮೇಲೆ ಶಬ್ದ ಹರಿದು ಹರಿದು ಬರ್ತದೆ. ಮಳೆ ಹಿಡಿದ ಮೇಲೆ ಕರೆಂಟ್ ಇರೋದೇ ಅಪರೂಪ, ಪವರ್ ಬ್ಯಾಂಕ್‌ನಲ್ಲಿ ಓಡಿಸ್ತೇನೆ. ಪರದೆ ಮೂಲೆಯಲ್ಲಿ ಆಗಾಗ ಹಳದಿ ಮಿಂಚಿನ ಗುರುತು ಬರ್ತದೆ, ಎಂತಕ್ಕೋ ಗೊತ್ತಿಲ್ಲ.

ಇನ್ನೊಂದು. ನನ್ನ ಪಿಎಸ್2ರ (ಪ್ಲೇಸ್ಟೇಷನ್ 2) ಲೆನ್ಸ್ ಹೋಗಿದೆ, ಡಿಸ್ಕ್‌ಗಳೆಲ್ಲ ಹಾಗೇ ಇವೆ. ಪಿಎಸ್2 ಪ್ರೊಸೆಸರ್ ಬರೀ 295 ಮೆಗಾಹರ್ಟ್ಸ್, ಪೈ 1.5 ಗಿಗಾಹರ್ಟ್ಸ್, ಅದೂ ನಾಲ್ಕು ಕೋರ್. ಮತ್ತೆ ಪಿಎಸ್2 ಆಟ ಪೈನಲ್ಲಿ ಯಾಕೆ ಓಡಲ್ಲ?

ಸಾಗರದ ತೋಟದವ:
ಎನ್64ಗೆ ಆ ಮಿಂಚೇ ಉತ್ತರ ತಮ್ಮಾ. ಪೈಗೆ ಬರೋ ವಿದ್ಯುತ್ 4.63 ವೋಲ್ಟ್‌ಗಿಂತ ಇಳಿದಾಗ ಅದು ಕಾಣ್ತದೆ, ಪ್ರೊಸೆಸರ್ ತಾನಾಗಿ ವೇಗ ತಗ್ಗಿಸಿಕೊಳ್ತದೆ. ವೇಗ ತಗ್ಗಿದೆಯಾ ಅಂತ ತಿಳಿಯೋಕೆ ಟರ್ಮಿನಲ್‌ನಲ್ಲಿ ‘ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್’ ಕೊಟ್ಟು ನೋಡು, ಸೊನ್ನೆ ಬರಬೇಕು. 5.1 ವೋಲ್ಟ್, 3 ಆಂಪಿಯರ್‌ನ ಅಡಾಪ್ಟರ್ ಹಾಕು. ಪವರ್ ಬ್ಯಾಂಕ್ ಬೇಡ, ಉದ್ದದ ತೆಳು ಕೇಬಲ್ಲೂ ಬೇಡ. ಎನ್64 ಆಟಗಳು ಗ್ರಾಫಿಕ್ಸ್ ಚಿಪ್‌ಗೆ ತಮ್ಮದೇ ಮೈಕ್ರೋಕೋಡ್ (ಚಿಪ್ ಒಳಗೆ ಓಡೋ ಸಣ್ಣ ಪ್ರೋಗ್ರಾಂ) ತುಂಬಿಕೊಂಡು ಬರ್ತವೆ, ಅದಕ್ಕೇ ಒಂದು ಆಟಕ್ಕೆ ಒಗ್ಗಿದ ಗ್ರಾಫಿಕ್ಸ್ ಪ್ಲಗಿನ್ ಇನ್ನೊಂದಕ್ಕೆ ಒಗ್ಗಲ್ಲ. ಜಿಲೈಡೆನ್64 ಪ್ಲಗಿನ್ ಭಾರ ಆದ್ರೆ ರೈಸ್ ಪ್ಲಗಿನ್ ಹಾಕಿ ನೋಡು.

ಪಿಎಸ್2ರ ಲೆಕ್ಕ ಹೀಗೆ. 1500ನ್ನು 295ರಿಂದ ಭಾಗಿಸಿದ್ರೆ ಸುಮಾರು ಐದು. ಪಿಎಸ್2 ಪ್ರೊಸೆಸರ್ ಒಂದು ಹೆಜ್ಜೆ (ಗಡಿಯಾರದ ಒಂದು ಟಿಕ್) ಇಡೋದರೊಳಗೆ ಪೈನ ಒಂದು ಕೋರ್‌ಗೆ ಸಿಗೋದು ಐದೇ ಹೆಜ್ಜೆ. ಅಷ್ಟರಲ್ಲಿ ಪಿಎಸ್2ರ ಮಿಪ್ಸ್ ಭಾಷೆಯ ಆದೇಶಕ್ಕೆ ಪೈನ ಆರ್ಮ್ ಭಾಷೆಯ ಆದೇಶಗಳನ್ನು ಓಡಿಸಬೇಕು, ಮೆಮೊರಿ ವಿಳಾಸ ಹುಡುಕಬೇಕು, ಗಡಿಯಾರ ಸರಿ ಇದೆಯಾ ನೋಡಬೇಕು. ಅಸಲಿ ಚಿಪ್ಪಾದ್ರೆ ಒಂದೇ ಹೆಜ್ಜೆಯಲ್ಲಿ ಎರಡು ಆದೇಶ ಮುಗಿಸಬಲ್ಲದು. ಇಷ್ಟೂ ಮುಖ್ಯ ಪ್ರೊಸೆಸರ್ ಒಂದರದ್ದು. ಅದರ ಜೊತೆ 3ಡಿ ಲೆಕ್ಕ ಮಾಡೋ ಎರಡು ವೆಕ್ಟರ್ ಯೂನಿಟ್, ಶಬ್ದದ ಚಿಪ್, ಚಿತ್ರ ಬಿಡಿಸೋ ಗ್ರಾಫಿಕ್ಸ್ ಸಿಂಥಸೈಸರ್ ಎಲ್ಲ ಇವೆ. ಆ ಕೊನೇದರ ಒಳಗಿರೋದು 4 ಎಂಬಿ ಮೆಮೊರಿ ಅಷ್ಟೇ, ಆದ್ರೆ ವೇಗ ಸೆಕೆಂಡಿಗೆ 48 ಜಿಬಿ. ಪೈನ ಮೆಮೊರಿ ಅದರ ಹತ್ತಿರಕ್ಕೂ ಬರಲ್ಲ.

ತೀರ್ಥಹಳ್ಳಿ ಹುಡುಗ:
ಸೊನ್ನೆ ಅಲ್ಲ, 50005 ಅಂತ ಬಂತು! ಅಡಾಪ್ಟರ್ ಬದಲಿಸಿದೆ, ಮಿಂಚು ಹೋಯ್ತು, ಎನ್64 ಒಂದು ಗಂಟೆ ಆಡಿದೆ, ಶಬ್ದ ಹರೀಲಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣ. ಆದ್ರೆ ಪಿಎಸ್2ರ ಒಂದೊಂದು ಚಿಪ್ಪಿನ ಕೆಲಸ ಒಂದೊಂದು ಕೋರ್‌ಗೆ ಕೊಟ್ರೆ ಆಗಲ್ವಾ?

ಸಾಗರದ ತೋಟದವ:
ನನಗೂ ಮೊದಲು ಹಾಗೇ ಅನ್ನಿಸಿತ್ತು. ಅಡಿಕೆ ಕೊಯ್ಲು ನೋಡಿದ್ದೀಯಲ್ಲ, ಕೊನೆ (ಅಡಿಕೆ ಗೊಂಚಲು) ಕೊಯ್ಯೋ ಕೊನೆಗೌಡ ಮರದ ಮೇಲೆ, ಹಗ್ಗ ಹಿಡಿಯೋರು ಕೆಳಗೆ. ಮೇಲಿನವ ಕೊನೆ ಬಿಟ್ಟ ಹೊತ್ತಿಗೆ ಕೆಳಗಿನವ ಜಾಗದಲ್ಲಿ ಇಲ್ಲದಿದ್ರೆ ಕೊನೆ ನೆಲಕ್ಕೆ. ಮನೆ ಹತ್ತಿರ ಸುಲಿಯೋರ ಕೆಲಸ ಬೇರೆ, ಸಂಜೆವರೆಗೂ ತಮ್ಮ ಪಾಡಿಗೆ ಮೆಟ್ಟುಗತ್ತಿ ಮುಂದೆ ಕೂರಬಹುದು. ಪಿಎಸ್2 ಚಿಪ್ಪುಗಳಲ್ಲಿ ಹೆಚ್ಚಿನವು ಹಗ್ಗ ಹಿಡಿಯೋರ ಥರ. ಬೇರೆ ಬೇರೆ ಕೋರ್‌ಗೆ ಹಾಕಿದ್ರೆ ಒಂದಕ್ಕೊಂದು ಕಾಯೋದರಲ್ಲೇ ಹೊತ್ತು ಹೋಗ್ತದೆ. ಪಿಸಿಯಲ್ಲಿ ಪಿಎಸ್2ರ ನಕಲು ಮಾಡೋ ಎಮ್ಯುಲೇಟರ್ ಪಿಸಿಎಸ್‌ಎಕ್ಸ್2 ಗ್ರಾಫಿಕ್ಸನ್ನು ಒಂದು ಥ್ರೆಡ್‌ಗೆ (ಬೇರೆ ಕೋರ್‌ನಲ್ಲಿ ಓಡಬಲ್ಲ ಕೆಲಸದ ಸಾಲು), ಒಂದು ವೆಕ್ಟರ್ ಯೂನಿಟ್ಟನ್ನು ಇನ್ನೊಂದಕ್ಕೆ ಕೊಡ್ತದೆ. ಉಳಿದ ಭಾರ ಬಹುಪಾಲು ಒಂದೇ ಕೋರ್ ಮೇಲೆ.

ಎಸ್‌ಎನ್‌ಇಎಸ್ ಸುಲಭ ಅನ್ನಿಸ್ತದಲ್ಲ? ಅದರ ಪ್ರೊಸೆಸರ್ 3.58 ಮೆಗಾಹರ್ಟ್ಸ್. ಒಂದು ಟಿಕ್ಕೂ ತಪ್ಪದ ಹಾಗೆ ಮಾಡ್ಬೇಕಾದ್ರೆ 3 ಗಿಗಾಹರ್ಟ್ಸ್ ಬೇಕು ಅಂತ ‘ಬಿಸ್ನೆಸ್’ ಅನ್ನೋ ಎಸ್‌ಎನ್‌ಇಎಸ್ ಎಮ್ಯುಲೇಟರ್ ಬರೆದವರೇ 2011ರಲ್ಲಿ ಹೇಳಿದ್ರು. ಪೈನಲ್ಲಿ ನಿನಗೆ ಸಲೀಸಾಗಿ ಓಡ್ತಿರೋದು ಸ್ವಲ್ಪ ಅಂದಾಜಿನ ಮೇಲೆ ನಡೆಯೋ ಎಮ್ಯುಲೇಟರ್.

ಶಿವಮೊಗ್ಗ ಗಾಂಧಿ ಬಜಾರ್:
ನಡುವೆ ಬಂದೆ, ಕ್ಷಮಿಸಿ. ಲೆಕ್ಕದಲ್ಲೂ ತೊಡಕಿದೆ. ಪಿಎಸ್2ರ ದಶಮಾಂಶ ಗಣಿತದಲ್ಲಿ ‘ಅನಂತ’ ಅನ್ನೋ ಬೆಲೆಯೇ ಇಲ್ಲ, ಸಂಖ್ಯೆ ಮಿತಿ ಮುಟ್ಟಿ ಅಲ್ಲೇ ನಿಲ್ತದೆ. ನಮ್ಮ ಪ್ರೊಸೆಸರ್‌ಗಳು ಹಾಗಲ್ಲ. ಆ ವ್ಯತ್ಯಾಸ ಸರಿಪಡಿಸದಿದ್ರೆ ಪಾತ್ರ ಗೋಡೆಯೊಳಗೆ ನುಗ್ಗಬಹುದು, ಆಟವೇ ನಿಲ್ಲಬಹುದು. ಸರಿಪಡಿಸಲು ಮತ್ತೆ ಹೆಜ್ಜೆಗಳು ಬೇಕು.

ಪಿಸಿಎಸ್‌ಎಕ್ಸ್2 ಪಿಸಿಗಳ ಎಕ್ಸ್86 ಪ್ರೊಸೆಸರ್‌ಗೆ ಬರೆದದ್ದು, ಪೈಗೆ ಅದು ಹೊಂದಲ್ಲ. ಹಳೇ ಡೆಸ್ಕ್‌ಟಾಪ್ ಸಿಕ್ಕಿದ್ರೆ ಕೋರ್ ಎಷ್ಟು ಅಂತ ಕೇಳ್ಬೇಡಿ, ಒಂದು ಕೋರ್ ಎಷ್ಟು ಚುರುಕು ಅಂತ ನೋಡಿ. ಕೆಟ್ಟ ಪಿಎಸ್2 ಗುಜರಿಗೆ ಕೊಡ್ಬೇಡಿ, ಎಮ್ಯುಲೇಟರ್‌ಗೆ ಬೇಕಾದ ಬಯಾಸ್ (ಯಂತ್ರವನ್ನು ಏಳಿಸೋ ಮೂಲ ಸಾಫ್ಟ್‌ವೇರ್) ಅದರಿಂದಲೇ ತೆಗೀಬೇಕು. ಲೆನ್ಸ್ ಹೋಗಿದ್ರೂ ಫ್ರೀ ಎಂಸಿಬೂಟ್ (ಡಿಸ್ಕ್ ಇಲ್ಲದೆ ಪ್ರೋಗ್ರಾಂ ಓಡಿಸೋ ಸಾಫ್ಟ್‌ವೇರ್) ಹಾಕಿದ ಮೆಮೊರಿ ಕಾರ್ಡ್ ಇದ್ರೆ ಪೆನ್‌ಡ್ರೈವ್‌ಗೆ ತೆಗೀಬಹುದು.

ತೀರ್ಥಹಳ್ಳಿ ಹುಡುಗ:
ಅಟ್ಟದಿಂದ ಇಳಿಸಿ ಧೂಳು ಒರೆಸಿ ಇಟ್ಟಿದ್ದೇನೆ ಸರ್. ಚಿಕ್ಕಪ್ಪನ ಅಂಗಡೀಲಿ ಡೆಸ್ಕ್‌ಟಾಪ್ ಇದೆ, ನಾಳೆ ಪ್ರೊಸೆಸರ್ ಹೆಸರು ಬರ್ಕೊಂಡು ಬಂದು ಇಲ್ಲೇ ಹಾಕ್ತೇನೆ.